ಹೂಮಳೆಯ ಘಮ, ಗಂಜಿ ಹಾಕಿದ ತಂತಿ

ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಒಂದು ವಾರ ಕಳೆದರೆ ಸಾಕು, ಕೊಡಗಿನ ಪೊಲ್ಲಿಬೆಟ್ಟದ ಕಡೆ ಕಾಫಿ ತೋಟಗಳೆಲ್ಲ ಬೆಳ್ಳಗಾಗುತ್ತವೆ. ಬಸ್ಸಿನ ಕಿಟಕಿ ತೆರೆದರೆ ಮಲ್ಲಿಗೆಯಂಥ ಘಮ ನುಗ್ಗುತ್ತದೆ. ಕೆಲವೇ ದಿನ, ಆಮೇಲೆ ಮುಂದಿನ ವರ್ಷವೇ. ಆದರೂ ಕಣ್ಣು ಮುಚ್ಚಿಕೊಂಡೇ ಕಾಫಿ ಹೂವು ಅಂತ ಹೇಳಿಬಿಡುತ್ತೇವೆ, ಅಲ್ವಾ? ಮಿದುಳು ಇದನ್ನು ಹೇಗೆ ಮಾಡುತ್ತದೆ ಅಂತ ತಿಳಿಯಲು ಒಂದು ದಾರಿ, ಕೋಶಗಳ ವಿದ್ಯುತ್ ಸಂಕೇತ ಕೇಳಿಸಿಕೊಳ್ಳುವ ತಂತಿಯನ್ನು (ಎಲೆಕ್ಟ್ರೋಡ್) ಅದರೊಳಗೇ ಇಳಿಸುವುದು.

1932ರಲ್ಲೇ ನೊಬೆಲ್ ಪಡೆದಿದ್ದ ಬ್ರಿಟಿಷ್ ವಿಜ್ಞಾನಿ ಎಡ್ಗರ್ ಏಡ್ರಿಯನ್, 1942ರಲ್ಲಿ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಪ್ರಾಣಿಯ ಮಿದುಳಿನ ವಾಸನೆಯ ಭಾಗದಲ್ಲಿ ಏಳುವ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಉಸಿರು ಒಳಗೆ ಎಳೆದಾಗಲೆಲ್ಲ ಅಲೆ ಏಳುತ್ತಿತ್ತು.

ತೊಂದರೆಯೂ ಉಸಿರಿನಿಂದಲೇ. ಪ್ರತಿ ಉಸಿರಿಗೆ, ಪ್ರತಿ ಎದೆಬಡಿತಕ್ಕೆ ಮಿದುಳು ಬುರುಡೆಯೊಳಗೆ ಚೂರು ಅಲುಗುತ್ತದೆ. ಅದು ಮೊಸರಿನ ಹಾಗೆ ಮೆತ್ತಗೆ. ಎಲೆಕ್ಟ್ರೋಡ್ ಆಗಿ ಇಳಿಸುವ ಸಿಲಿಕಾನ್ ಸೂಜಿ ಅದಕ್ಕಿಂತ ಕೋಟಿ ಪಟ್ಟು ಗಡಸು, ಬುರುಡೆಗೆ ಅಂಟಿಸಿದ್ದರಿಂದ ಜೊತೆಗೆ ಅಲುಗದು. ಹಾಗಾಗಿ ಉಜ್ಜುತ್ತದೆ. ಬೇಲಿ ತಂತಿಗೆಂದು ಸಿಲ್ವರ್ ಓಕ್ ಮರಕ್ಕೆ ಹೊಡೆದ ಮೊಳೆಯನ್ನು ಕೆಲ ವರ್ಷ ಬಿಟ್ಟು ನೋಡಿ, ತೊಗಟೆ ಉಬ್ಬಿ ಅದನ್ನು ನುಂಗಿರುತ್ತದೆ. ಮಿದುಳೂ ಸೂಜಿಯ ಸುತ್ತ ಗ್ಲಿಯಾ ಎಂಬ ಆಸರೆಯ ಕೋಶಗಳ ಗಾಯದ ಪದರ ಕಟ್ಟುತ್ತದೆ. ಸೂಜಿಗೆ ಕೇಳಿಸುವ ನರಕೋಶಗಳ ವಿದ್ಯುತ್ ಸದ್ದು ಸಣ್ಣಗಾಗುತ್ತಾ ಹೋಗುತ್ತದೆ. ಅದೇ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡಿ. ಗಾಳಿಗೆ ಮರ ತೂಗಿದರೆ ಬಳ್ಳಿಯೂ ತೂಗುತ್ತದೆ. ತೆಳು ಪಾಲಿಇಮೈಡ್ ಪ್ಲಾಸ್ಟಿಕ್ಕಿನಲ್ಲಿ ಲೋಹದ ಗೆರೆ ಹುದುಗಿಸಿ ಮಾಡುವ ಬಾಗುವ ಎಲೆಕ್ಟ್ರೋಡ್ ಈ ಬಳ್ಳಿಯ ಜಾತಿ.

ಅದನ್ನು ಒಳಗೆ ತೂರಿಸುವುದು ಹೇಗೆ? ಸೂಜಿಯಿಲ್ಲದೆ ಬರೀ ದಾರದಿಂದ ಬಟ್ಟೆ ಚುಚ್ಚಲು ಹೋದ ಹಾಗೆ ಮಡಚಿಕೊಳ್ಳುತ್ತದೆ. ಇದಕ್ಕೊಂದು ಉಪಾಯ ನಮ್ಮ ಅಗಸರಿಗೂ ಗೊತ್ತಿದ್ದದ್ದೇ: ಗಂಜಿ! ನೀರಿನಲ್ಲಿ ಕರಗುವ ಪಾಲಿಎಥಿಲೀನ್ ಗ್ಲೈಕಾಲ್ ಸವರಿದರೆ ಎಲೆಕ್ಟ್ರೋಡ್ ಗಂಜಿ ಹಾಕಿದ ಪಂಚೆಯಂತೆ ಸೆಟೆದು ನಿಲ್ಲುತ್ತದೆ. ಮಿದುಳಿನೊಳಗೆ ಇಳಿದ ಮೇಲೆ ಗಂಜಿ ಕರಗುತ್ತದೆ, ತಂತಿ ಮತ್ತೆ ಬಳ್ಳಿಯಾಗುತ್ತದೆ. ಎಷ್ಟು ಸಲ ಓದಿದರೂ ನನಗೆ ಇದು ಖುಷಿ ಕೊಡುವ ವಿಷಯ.

ಇಷ್ಟು ಕಷ್ಟ ಯಾಕೆ? 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸುಂಡಿಲಿಗಳಿಗೆ ಕೆಲವು ವಾಸನೆಗಳನ್ನು ವಾರಗಟ್ಟಲೆ ಮತ್ತೆ ಮತ್ತೆ ಮೂಸಿಸಿದರು. ವಾಸನೆ ಒಂದೇ, ಆದರೆ ಅದಕ್ಕೆ ಓಗೊಡುವ ಕೋಶಗಳು ದಿನ ಕಳೆದಂತೆ ಬದಲಾಗುತ್ತಿದ್ದವು. ಇದನ್ನು ನಂಬಬೇಕಾದರೆ ಬದಲಾದದ್ದು ಕೋಶವೇ, ತಂತಿ ಜಾರಿದ್ದಲ್ಲ ಅಂತ ಖಾತ್ರಿಯಾಗಬೇಕು. ಅವರ ಎಲೆಕ್ಟ್ರೋಡ್ ಸಿಲಿಕಾನಿನದು, ಆ ಖಾತ್ರಿಗೆ ಜಾಸ್ತಿ ಶ್ರಮಪಟ್ಟರು. ಬಳ್ಳಿಯಂಥ ತಂತಿ ಬೇಕಾಗುವುದು ಇಲ್ಲೇ.

ಅದೇ ಪ್ರಯೋಗದಲ್ಲಿ, ದಿನಾ ಮೂಸಿದ ವಾಸನೆಗಳಿಗೆ ಈ ಬದಲಾವಣೆ ನಿಧಾನವಾಗಿತ್ತು. ನಮ್ಮ ಕಾಫಿ ಹೂವು ದಿನಾ ಸಿಗುವಂಥದ್ದಲ್ಲ. ಆದರೂ ಮುಂದಿನ ಮಾರ್ಚ್‌ನಲ್ಲಿ ಬಸ್ಸಿನ ಕಿಟಕಿ ತೆರೆದ ಕೂಡಲೇ ಅದರ ಗುರುತು ಸಿಗುತ್ತದೆ.