ದಾಡಿ ಸಾಬೂನಿಗಿಂತ ಮುಂಚೆ ನೀರು ನೋಡಿ

ಬೆಳಗಾವಿಯಲ್ಲಿ ಬಟ್ಟಲು ತುಂಬಿ ಉಕ್ಕುವ ದಾಡಿ ಸಾಬೂನು ಬಾಗಲಕೋಟೆಯ ಬೋರ್ ನೀರಿನಲ್ಲಿ ಸೊರಗುತ್ತದೆ. ಸಾಬೂನು ಅದೇ, ಬ್ರಶ್ ಅದೇ, ಕಲಸುವ ಕೈಯೂ ಅದೇ. ನೀರು ಮಾತ್ರ ಬೇರೆ.

ಬೆಳಗಾವಿ ನಗರಕ್ಕೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳ ನೀರು ಬರುತ್ತದೆ. ಘಟ್ಟದ ಅಂಚಿನಲ್ಲಿ ಸುರಿದ ಮಳೆ, ಕಲ್ಲಿನ ಸಹವಾಸ ಜಾಸ್ತಿ ಇಲ್ಲದೆ ಹರಿದು ಬಂದದ್ದು. ಬಾಗಲಕೋಟೆಯ ನೆಲದಡಿ ಹಾಗಿಲ್ಲ. ಇಲ್ಲಿನ ಹಳೆಯ ಬಂಡೆಗಳ ಗುಂಪಿಗೆ ಭೂವಿಜ್ಞಾನಿಗಳು ಕಲಾದಗಿ ಊರಿನ ಹೆಸರನ್ನೇ ಇಟ್ಟಿದ್ದಾರೆ. ಅದರಲ್ಲಿ ಸುಣ್ಣದಕಲ್ಲು, ಡಾಲಮೈಟ್ ಧಾರಾಳವಾಗಿವೆ. ಬಾಗಲಕೋಟೆ, ಲೋಕಾಪುರದ ಸುತ್ತ ಸಿಮೆಂಟ್ ಕಾರ್ಖಾನೆಗಳು ಎದ್ದದ್ದು ಇದೇ ಕಲ್ಲನ್ನು ನಂಬಿ. ಆ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತುಕೊಂಡೇ ಮೇಲೆ ಬರುತ್ತದೆ. ಅದೇ ಗಡಸು ನೀರು.

ಡಬ್ಬಿಯ ಫೋಮು, ಐದು ಬ್ಲೇಡಿನ ಕಾರ್ಟ್ರಿಜ್ ಬಿಟ್ಟು ಬ್ರಶ್, ಸಾಬೂನು, ಒಂದೇ ಬ್ಲೇಡಿನ ರೇಜರ್ ಕಡೆ ಮರಳುವವರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಸಣ್ಣ ತಯಾರಕರಿಂದ ಒಂದೊಂದೇ ವಸ್ತು ತರಿಸಿ ಸಂಗ್ರಹ ಕಟ್ಟುತ್ತಾರೆ. ತುಂಬ ಖುಷಿ ಕೊಡುವ ಹವ್ಯಾಸ ಇದು. ಆದರೆ ಕೊಳ್ಳುವುದನ್ನು ಸುಗಂಧದಿಂದ, ಡಬ್ಬಿಯ ಚಂದದಿಂದ ಶುರು ಮಾಡಬಾರದು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಶುರು ಮಾಡಬೇಕಾದದ್ದು ಮನೆಯ ನಲ್ಲಿಯಿಂದ.

ಸಾಬೂನಿನ ಅಣುವಿನ ಒಂದು ತುದಿ ನೀರನ್ನು ಹಿಡಿಯುತ್ತದೆ, ಉದ್ದನೆಯ ಬಾಲ ಎಣ್ಣೆಯನ್ನು ಹಿಡಿಯುತ್ತದೆ. ಕ್ಯಾಲ್ಸಿಯಂ ಸಿಕ್ಕಿದರೆ ಅದು ಎರಡು ಸಾಬೂನಿನ ಅಣುಗಳನ್ನು ಒಟ್ಟಿಗೆ ಕಟ್ಟಿಹಾಕುತ್ತದೆ. ಈ ಜೋಡಿ ನೀರಿನಲ್ಲಿ ಕರಗುವುದಿಲ್ಲ. ಬಕೆಟ್ಟಿನ ಅಂಚಿಗೆ ಹತ್ತುವ ಬೂದು ಜಿಡ್ಡು ಇದೇ. ಎಷ್ಟು ಸಾಬೂನು ಹೀಗೆ ಹಾಳಾಗುತ್ತದೆ? ಲೆಕ್ಕ ಹಾಕೋಣ. ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ ಲೀಟರಿಗೆ 500 ಮಿಲಿಗ್ರಾಂ ಗಡಸುತನದ ನೀರು ಅಂದುಕೊಳ್ಳಿ. ಒಂದು ದಾಡಿಯ ನೊರೆಗೆ 40 ಮಿಲಿಲೀಟರ್ ನೀರು ಹಿಡಿಯಿರಿ. ಅದರಲ್ಲಿರುವ ಕ್ಯಾಲ್ಸಿಯಂ ಸುಮಾರು 120 ಮಿಲಿಗ್ರಾಂ ಸಾಬೂನನ್ನು ನುಂಗುತ್ತದೆ. ಬ್ರಶ್ಶಿಗೆ ಒಂದು ಗ್ರಾಂ ಸಾಬೂನು ಹತ್ತಿದ್ದರೆ ಎಂಟರಲ್ಲಿ ಒಂದು ಪಾಲು ಹೋಯಿತು, ಅಷ್ಟೇ. ಹಾಗಾದರೆ ನೊರೆ ಅಷ್ಟೊಂದು ಸೊರಗುವುದೇಕೆ? ಉಳಿದ ಹಾನಿ ಮಾಡುವುದು ಆ ಜಿಡ್ಡಿನ ಕಣಗಳು. ಅವು ನೀರನ್ನು ದೂರ ತಳ್ಳುವ ಸ್ವಭಾವದವು. ಗುಳ್ಳೆಯ ತೆಳು ಪೊರೆಯೊಳಗೆ ಸೇರಿಕೊಂಡು ಅದನ್ನು ಒಡೆಯುತ್ತವೆ. ಹೀಗಾಗಿ ಗಡಸು ನೀರಿನವರಿಗೆ ಮೊದಲ ಉಪಾಯ ಸರಳ. ಬ್ರಶ್ಶನ್ನು ಸಾಬೂನಿನ ಮೇಲೆ ಇನ್ನಷ್ಟು ಹೊತ್ತು ತಿರುವಿ, ಸಾಬೂನು ಜಾಸ್ತಿ ಹತ್ತಿಸಿಕೊಳ್ಳಿ.

ನಿಮ್ಮ ನೀರು ಎಂಥದ್ದು ಎಂದು ತಿಳಿಯಲು ಪ್ರಯೋಗಾಲಯ ಬೇಡ. ಪಾರದರ್ಶಕ ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಸ್ವಲ್ಪ ಅಸಲಿ ಸಾಬೂನು ಹೆರೆದು ಹಾಕಿ. ಶಾಂಪೂ, ಡಿಟರ್ಜೆಂಟ್ ನಡೆಯುವುದಿಲ್ಲ. ಚೆನ್ನಾಗಿ ಕುಲುಕಿ. ಮೇಲೆ ಗಟ್ಟಿ ನೊರೆ ನಿಂತು ಕೆಳಗೆ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಕಡಿಮೆಯಾಗಿ ನೀರು ಹಾಲಿನಂತೆ ಕದಡಿದರೆ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಪ್ಪಬಹುದಾದ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಡಿಲಿಕೆ ಇದೆ. ಅಂದರೆ ಕುಡಿಯಲು ಯೋಗ್ಯವಾದ ನೀರು ಕೂಡ ದಾಡಿಗೆ ಬಹಳ ಗಡಸಾಗಿರಬಹುದು.

ಕುದಿಸಿದರೆ ಬೈಕಾರ್ಬನೇಟ್ ರೂಪದ ಗಡಸುತನ ಪಾತ್ರೆಯ ತಳಕ್ಕೆ ಬಿಳಿ ಪದರವಾಗಿ ಕೂರುತ್ತದೆ. ಗೀಸರಿನ ಕಾಯಿಲ್‌ಗೆ ಹತ್ತುವುದೂ ಅದೇ. ಸಲ್ಫೇಟ್, ಕ್ಲೋರೈಡ್ ರೂಪದ್ದು ಕುದಿಸಿದರೂ ಹೋಗದು. ನೀರಿಗೆ ನಿಂಬೆಹುಳಿ ಹಿಂಡುವುದು ಒಳ್ಳೆಯದಲ್ಲ. ಹುಳಿ ಜಾಸ್ತಿಯಾದರೆ ಸಾಬೂನೇ ಒಡೆದು ಕೊಬ್ಬಿನ ಆಮ್ಲವಾಗಿ ಬೇರ್ಪಡುತ್ತದೆ. ಮನೆಯಲ್ಲಿ ಆರ್‌ಒ ಯಂತ್ರ ಇದ್ದರೆ ನೊರೆಗೆ ಅದರ ಅರ್ಧ ಲೋಟ ನೀರು ಸಾಕು. ಮುಖ ತೊಳೆಯಲು ನಲ್ಲಿ ನೀರು ಇದ್ದೇ ಇದೆ. ಕೆಲವು ತಯಾರಕರು ಸಾಬೂನಿಗೇ ಸೋಡಿಯಂ ಸಿಟ್ರೇಟ್ ಅಥವಾ ಇಡಿಟಿಎ ಸೇರಿಸುತ್ತಾರೆ. ಇವು ಕ್ಯಾಲ್ಸಿಯಂ ಅನ್ನು ಮೊದಲೇ ಹಿಡಿದಿಟ್ಟುಕೊಂಡು ಸಾಬೂನನ್ನು ಕಾಯುತ್ತವೆ. ನಮ್ಮ ಕಡೆಯವರು ಲೇಬಲ್ಲಿನಲ್ಲಿ ಮೊದಲು ಹುಡುಕಬೇಕಾದ ಹೆಸರುಗಳು ಇವೇ.

ನೀರಿನ ಅಸಲಿ ಕೆಲಸ ಇರುವುದು ಕೂದಲಲ್ಲಿ. ಕೂದಲು ಕೆರಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಹೈಡ್ರೋಜನ್ ಬಂಧಗಳು ಬಿಗಿದಿರುತ್ತವೆ. ಒಣಗಿದ ದಾಡಿ ಕೂದಲು ಅಷ್ಟೇ ದಪ್ಪದ ತಾಮ್ರದ ತಂತಿಯಷ್ಟು ಗಟ್ಟಿ ಎನ್ನುತ್ತಾರೆ. ನೀರು ಒಳಗೆ ಹೊಕ್ಕಾಗ ಆ ಬಂಧಗಳು ಸಡಿಲಾಗುತ್ತವೆ, ಕೂದಲು ಉಬ್ಬಿ ಮೆತ್ತಗಾಗುತ್ತದೆ. ಬಿಸಿನೀರಲ್ಲಿ ಎರಡು ಮೂರು ನಿಮಿಷ ನೆನೆದರೂ ಬಹಳ ವ್ಯತ್ಯಾಸ. ಆಮೇಲೆ ಆ ನೀರು ಆರದಂತೆ ಹಿಡಿದಿಡುವುದು ನೊರೆಯ ಕೆಲಸ. ಬ್ಲೇಡಿಗೂ ಚರ್ಮಕ್ಕೂ ನಡುವೆ ಜಾರುವ ಪದರ ಹಾಸುವುದೂ ಅದರದ್ದೇ.

ಬ್ಲೇಡಿನ ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೆದು. ಆದರೂ ಬ್ಲೇಡು ಬೇಗ ಮೊಂಡಾಗುತ್ತದಲ್ಲ, ಹೇಗೆ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸೆಮ್ ಟಾಸನ್ ಅವರ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೇ ಕೂದಲು ಕತ್ತರಿಸಿ ನೋಡಿತು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಬ್ಲೇಡಿನ ಅಂಚು ಸವೆಯುವುದಕ್ಕಿಂತ ಹೆಚ್ಚಾಗಿ ಚಕ್ಕೆ ಏಳುತ್ತದೆ. ಉಕ್ಕಿನ ಒಳರಚನೆ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ದುರ್ಬಲ ಜಾಗದಲ್ಲಿ ಕೂದಲು ಓರೆಯಾಗಿ ಬಾಗಿ ಒತ್ತಿದಾಗ ಚೂರು ಹಾರುತ್ತದೆ. ಕೂದಲಿನ ಬಿಗುವು ಕಡಿಮೆಯಾದಷ್ಟೂ ಬ್ಲೇಡಿನ ಮೇಲಿನ ಹೊರೆಯೂ ಇಳಿಯುತ್ತದೆ.

ಈಗ ಸಾಬೂನಿಗೆ ಬರೋಣ. ಸಣ್ಣ ತಯಾರಕರ ಜಾಣ್ಮೆ ಕಾಣುವುದು ಇಲ್ಲಿ. ಮೈಗೆ ಹಚ್ಚುವ ಸಾಬೂನಿಗೆ ಕೊಬ್ಬಿನ ಜೊತೆ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೇಕು. ದಾಡಿ ಸಾಬೂನಿಗೆ ಹೆಚ್ಚಾಗಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕುತ್ತಾರೆ. ಅದರಿಂದ ಸಾಬೂನು ಮೆತ್ತಗಾಗಿ, ನೀರಿನಲ್ಲಿ ಬೇಗ ಕರಗುತ್ತದೆ. ಕೊಬ್ಬಿನ ಆಮ್ಲಗಳಲ್ಲಿ ಮುಖ್ಯವಾದದ್ದು ಸ್ಟಿಯರಿಕ್. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಬೇಗ ದೊಡ್ಡ ಗುಳ್ಳೆ ಎಬ್ಬಿಸುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಸ್ಟಿಯರಿಕ್‌ನ ಗುಳ್ಳೆ ಸಣ್ಣದು, ದಟ್ಟ. ನೀರು ಸೋರಿಹೋಗುವುದು ನಿಧಾನ. ಒಳ್ಳೆಯ ದಾಡಿ ಸಾಬೂನಿನ ಲೇಬಲ್ಲಿನಲ್ಲಿ ಸ್ಟಿಯರಿಕ್ ಆಮ್ಲ ಸಾಮಾನ್ಯವಾಗಿ ಮೇಲಿನ ಸಾಲಿನಲ್ಲೇ ಸಿಗುತ್ತದೆ.

ಪಶ್ಚಿಮದ ಸಣ್ಣ ತಯಾರಕರು ಇದನ್ನು ಪ್ರಾಣಿಗಳ ಕೊಬ್ಬಿನಿಂದಲೂ ಪಡೆಯುತ್ತಾರೆ. ಅಮೆರಿಕದ ಅರ್ಕಾನ್ಸಾಸ್‌ನ ಸ್ಟರ್ಲಿಂಗ್ ಕಂಪನಿ ಕುರಿ ಕೊಬ್ಬಿನ ಸಾಬೂನಿಗೆ ಹೆಸರುವಾಸಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ಒಳಗೆ ಬರುವಂತಿಲ್ಲ. ಬೇಸರ ಬೇಡ. ಸ್ಟಿಯರಿಕ್ ಆಮ್ಲದ ಅಣು ಎಲ್ಲಿಂದ ಬಂದರೂ ಒಂದೇ. ಅದಕ್ಕೆ ನಮ್ಮದೇ ಒಳ್ಳೆಯ ಮೂಲವೂ ಇದೆ. ಖಾನಾಪುರ ಘಟ್ಟದ ಕಡೆಯ ಕೋಕಂ, ಮಲೆನಾಡಿನವರ ಮುರುಗಲು. ಸಿಪ್ಪೆಯನ್ನು ಸಾರಿಗೆ ಹಾಕುತ್ತೇವೆ. ಬೀಜದಿಂದ ಬರುವ ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸ್ಟಿಯರಿಕ್. ಒಡೆದ ಹಿಮ್ಮಡಿಗೆ ಹಚ್ಚುವ ಈ ತುಪ್ಪ ದಾಡಿ ಸಾಬೂನಿಗೆ ಹೇಳಿ ಮಾಡಿಸಿದಂತಿದೆ. ಜೊತೆಗೆ ಸ್ವಲ್ಪ ಔಡಲ ಎಣ್ಣೆ ಸೇರಿದರೆ ನೊರೆಗೆ ಜಾರುವ ಗುಣ ಬರುತ್ತದೆ. ವಿಜಯಪುರದ ಹೊಲಗಳ ಕುಸುಬೆ ಎಣ್ಣೆ ಮಾತ್ರ ಬೇಡ. ಒಗ್ಗರಣೆಗೆ ಅದು ರುಚಿ. ಆದರೆ ಅದರ ಲಿನೋಲಿಯಿಕ್ ಆಮ್ಲ ಗಾಳಿಗೆ ಬೇಗ ಹಳಸುತ್ತದೆ. ಅದನ್ನೇ ಹೆಚ್ಚು ಹಾಕಿದ ಸಾಬೂನು ಮೆತ್ತಗಾಗಿ ಕಮಟು ವಾಸನೆ ಬರುತ್ತದೆ. ಕೆಲವು ಸಾಬೂನುಗಳಲ್ಲಿ ಲ್ಯಾನೋಲಿನ್ ಇರುತ್ತದೆ. ಅದು ಕುರಿ ಉಣ್ಣೆ ತೊಳೆದಾಗ ಬರುವ ಜಿಡ್ಡು. ಉಣ್ಣೆ ಅಲರ್ಜಿ ಇದ್ದವರು ಅದನ್ನು ಬಿಡಲಿ.

ದೊಡ್ಡ ಕಂಪನಿ ಎಲ್ಲ ಊರಿಗೂ ಒಂದೇ ಸಾಬೂನು ಮಾಡುತ್ತದೆ. ಸಣ್ಣವರನ್ನು ಕೇಳಬಹುದು: ಗಡಸು ನೀರಿಗೆ ಯಾವುದು ನಡೆಯುತ್ತದೆ, ಸುಗಂಧ ಇಲ್ಲದ್ದು ಇದೆಯೇ, ಸ್ವಲ್ಪವೇ ಸ್ಯಾಂಪಲ್ ಕಳಿಸುತ್ತೀರಾ. ನಾನು ಸಣ್ಣವರ ಕಡೆ ವಾಲುವುದು ಈ ಮಾತುಕತೆಗಾಗಿ. ಒಂದು ಎಚ್ಚರಿಕೆ ಇದೆ. ಕ್ಷಾರದ ಲೆಕ್ಕ ತಪ್ಪಿದ ಸಾಬೂನು ಚರ್ಮ ಸುಡುತ್ತದೆ. ನಮ್ಮ ದೇಶದಲ್ಲಿ ಸೌಂದರ್ಯವರ್ಧಕ ತಯಾರಿಸಿ ಮಾರಲು ಪರವಾನಗಿ ಬೇಕು. ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ ಇಲ್ಲದಿದ್ದರೆ ಕೊಳ್ಳಬೇಡಿ. ಎಷ್ಟೇ ಚಂದದ ಡಬ್ಬಿ ಇರಲಿ.

ಮೆಂಥಾಲ್ ಹಾಕಿದ ಸಾಬೂನು ಬೇಸಿಗೆಗೆ ಹಿತ. ಅದು ಚರ್ಮವನ್ನು ನಿಜವಾಗಿ ತಣಿಸುವುದಿಲ್ಲ. ತಂಪನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ನರದ ಬಾಗಿಲನ್ನು ತೆರೆಯುತ್ತದೆ. ಇಂಥ ಸಂವೇದಕಗಳನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಾಪುಟಿಯನ್ ಅವರಿಗೆ 2021ರ ನೊಬೆಲ್ ಬಂತು. ವಿಜಯಪುರದ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಸುಗಂಧ ತೈಲಗಳು ಬೇಗ ಹಾರುತ್ತವೆ. ಡಬ್ಬಿಗಳನ್ನು ಮುಚ್ಚಿ ನೆರಳಿನ ಕಪಾಟಿನಲ್ಲಿಡಿ.

ಬ್ರಶ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಂದಿ ಕೂದಲಿನದು ಅಗ್ಗ, ಬಳಸಿದಂತೆ ತುದಿ ಸೀಳಿ ಮೆತ್ತಗಾಗುತ್ತದೆ. ಕೃತಕ ಎಳೆಯದು ಬೇಗ ಒಣಗುತ್ತದೆ. ಹೊಸಬರಿಗೆ ಅದನ್ನೇ ಹೇಳುತ್ತೇನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಗೊಳಿಸದ ಕುದುರೆ ಕೂದಲಿನ ಬ್ರಶ್‌ಗಳಿಂದ ಸೈನಿಕರಿಗೆ ನೆರಡಿ (ಆಂಥ್ರಾಕ್ಸ್) ರೋಗ ತಗುಲಿತ್ತು. ಆದ್ದರಿಂದ ಪ್ರಾಣಿ ಕೂದಲಿನ ಹಳೆಯ ಬ್ರಶ್ ಸಂಗ್ರಹಕ್ಕೆ ಸಿಕ್ಕರೆ ನೋಡಲು ಇಟ್ಟುಕೊಳ್ಳಿ, ಮುಖಕ್ಕೆ ಬೇಡ.

ಕೊನೆಗೆ ರೇಜರ್. ಅಮೆರಿಕದ ಕಿಂಗ್ ಜಿಲೆಟ್ ಎಂಬಾತ 1901ರಲ್ಲಿ ರೇಜರ್ ಕಂಪನಿ ಕಟ್ಟಿದ. ಮಾರಾಟ ಶುರುವಾದ 1903ರಲ್ಲಿ ಹೋದದ್ದು 51 ರೇಜರ್, 168 ಬ್ಲೇಡು. ತಗಡಿನಷ್ಟು ತೆಳ್ಳನೆಯ ಉಕ್ಕಿಗೆ ಹದ ಕೊಡುವ ದಾರಿಯನ್ನು ಕಂಡುಕೊಟ್ಟವರು ಎಂಜಿನಿಯರ್ ವಿಲಿಯಂ ನಿಕರ್ಸನ್. ಇಂದಿನ ಬ್ಲೇಡು ಸುಮಾರು 0.1 ಮಿಲಿಮೀಟರ್ ದಪ್ಪ. ಸುಮ್ನೆ ಹಿಡಿದರೆ ಬಳುಕುತ್ತದೆ. ಬಾಗಿದ ಮುಚ್ಚಳದ ಕೆಳಗೆ ಬಿಗಿದಾಗ ಅಲುಗಾಡದಂತೆ ನಿಲ್ಲುತ್ತದೆ. ಬ್ಲೇಡಿಗೂ ಕೆಳಗಿನ ತಟ್ಟೆಗೂ ನಡುವಿನ ಸಂದು ಸೌಮ್ಯ ರೇಜರಿನಲ್ಲಿ ಅರ್ಧ ಮಿಲಿಮೀಟರ್ ಆಸುಪಾಸು, ಚುರುಕಿನದರಲ್ಲಿ ಒಂದು ಮಿಲಿಮೀಟರ್ ಸಮೀಪ. ಇದರ ಜೊತೆಗೆ ಅಂಚು ಎಷ್ಟು ಹೊರಚಾಚಿದೆ, ಯಾವ ಕೋನದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗುಂಗುರು ಕೂದಲಿನವರಿಗೆ ಒಂದೇ ಬ್ಲೇಡು ಒಳ್ಳೆಯದು. ಹಲವು ಬ್ಲೇಡುಗಳ ಕಾರ್ಟ್ರಿಜ್ ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಆ ತುದಿ ಒಳಗೇ ಬೆಳೆದು ಗುಳ್ಳೆ ಏಳುತ್ತದೆ.

ಅಗ್ಗದ ರೇಜರ್‌ಗಳ ತಲೆ ಬಹುಪಾಲು ಸತುವಿನ ಮಿಶ್ರಲೋಹದ ಎರಕ, ಮೇಲೆ ಕ್ರೋಮ್ ಲೇಪ. ಲೇಪ ಕಿತ್ತರೆ ಸತು ತಿಂದುಹೋಗುತ್ತದೆ. ಸಣ್ಣ ತಯಾರಕರು ಸ್ಟೇನ್‌ಲೆಸ್ ಉಕ್ಕು, ಹಿತ್ತಾಳೆ, ಟೈಟಾನಿಯಂ ಗಟ್ಟಿಯನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕೊರೆಯುತ್ತಾರೆ. ಕೆನಡಾದ ಕಾರ್ವೆ ಕಂಪನಿ ಹಿತ್ತಾಳೆಯ ತಲೆಗೆ ಬೇರೆ ಬೇರೆ ಸಂದಿನ ತಟ್ಟೆಗಳನ್ನು ಬಿಡಿಯಾಗಿ ಮಾರುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ ನೆನಪಾಗುತ್ತದೆ. ಅಲ್ಲಿನ ಶಾಪ್‌ಗಳು ಹೈಡ್ರಾಲಿಕ್ ವಾಲ್ವಿನ ಒಳಗೆ ಜಾರುವ ಸ್ಪೂಲ್‌ಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಕೂರಿಸುತ್ತವೆ. ರೇಜರಿನ ತಲೆಗೆ ಬೇಕಾದ ನಿಖರತೆ ಅದಕ್ಕಿಂತ ಕಷ್ಟದ್ದಲ್ಲ. ಒಂದು ಮುಚ್ಚಳ, ಒಂದು ಹಿಡಿ, 0.6, 0.8, 1.0 ಮಿಲಿಮೀಟರ್ ಸಂದಿನ ಮೂರು ತಟ್ಟೆ. ನಮ್ಮೂರಿನ ಯಾವುದಾದರೂ ಸಣ್ಣ ಶಾಪ್ ಇಂಥದ್ದೊಂದು ಸೆಟ್ಟನ್ನು ಸ್ಟೇನ್‌ಲೆಸ್‌ನಲ್ಲಿ ಮಾಡಿ ಮಾರಿದರೆ, ಮೊದಲ ಗಿರಾಕಿ ನಾನೇ.