ಬಂಡೆ ಹತ್ತುವಾಗ ಇಲ್ಲದ ಭಯ, ಇಳಿಯುವಾಗ ಯಾಕೆ?

ಪ್ರಶ್ನೆ: ಮೂಡಿಗೆರೆ ಕಡೆಯ ಎತ್ತಿನ ಭುಜ ಬೆಟ್ಟಕ್ಕೆ ಹೋಗಿದ್ದೆ. ತುದಿಯ ಬಂಡೆಯನ್ನು ಸಲೀಸಾಗಿ ಹತ್ತಿದೆ. ಇಳಿಯುವಾಗ ಮಾತ್ರ ಕಾಲು ಗಡಗಡ ನಡುಗಿತು. ಅರ್ಧ ಬಂಡೆಯನ್ನು ಕೂತೇ ಜಾರಿಕೊಂಡು ಬಂದೆ. ಮುಂದೆ ಕುದುರೆಮುಖ, ಕುಮಾರ ಪರ್ವತ ಹತ್ತುವ ಆಸೆ ಇದೆ. ನನಗೆ ಧೈರ್ಯ ಸಾಲದಾ?
– ಓದುಗರೊಬ್ಬರು, ಹಾಸನ

ಧೈರ್ಯ ಬೇಕಾದಷ್ಟಿದೆ, ಇಲ್ಲದಿದ್ದರೆ ಮೇಲೆ ಹೋಗುತ್ತಲೇ ಇರಲಿಲ್ಲ. ಇಳಿಯುವುದು ಬೇರೆಯೇ ಕೆಲಸ. ಅದನ್ನು ನಾವು ಯಾರೂ ಕಲಿತಿರುವುದಿಲ್ಲ, ಅಷ್ಟೇ.

ಹತ್ತುವಾಗ ಬಂಡೆ ಮುಖದ ಎದುರಿಗೇ ಇರುತ್ತದೆ. ಕೈಗೆ ಸಿಗುವ ಬಿರುಕು, ಕಾಲಿಡುವ ಗುಳಿ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಇಳಿಯುವಾಗ ಕಾಲಿಡುವ ಜಾಗಕ್ಕಿಂತ ಮೊದಲು ಕಾಣುವುದು ಅದರ ಕೆಳಗಿನ ಕಣಿವೆ. ಎತ್ತಿನ ಭುಜದಲ್ಲಂತೂ ಬಂಡೆಯ ಆಚೆ ನೆಲವೇ ಮುಗಿದುಹೋದಂತೆ ಘಟ್ಟ ಕೆಳಗಿಳಿಯುತ್ತದೆ. ಭಯ ಆಗದಿದ್ದರೇ ಆಶ್ಚರ್ಯ ಅಲ್ವಾ?

ಇನ್ನು ನಡುಕದ ವಿಷಯ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲಕ್ಕೆ ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ, ಮೈಭಾರ ಧಡಕ್ಕನೆ ಬೀಳದಂತೆ ಬ್ರೇಕ್ ಹಾಕುತ್ತಿರುತ್ತದೆ. ಈ ಕೆಲಸಕ್ಕೆ ಉಸಿರು ಜಾಸ್ತಿ ಬೇಡ. ಅದಕ್ಕೇ ಸುಲಭ ಅನ್ನಿಸುತ್ತದೆ. ಆದರೆ ಸ್ನಾಯುವಿನ ಎಳೆಗಳಿಗೆ ಪೆಟ್ಟು ಬೀಳುವುದು ಇಲ್ಲೇ. ಚಾರಣ ಮುಗಿದು ಒಂದೆರಡು ದಿನ ಆದ ಮೇಲೆ ಮನೆಯ ಮೆಟ್ಟಿಲು ಇಳಿಯಲು ಒದ್ದಾಡುತ್ತೇವಲ್ಲ, ಅದು ಇದರದ್ದೇ ನೋವು. ಹತ್ತಿ ಮೊದಲೇ ದಣಿದ ತೊಡೆಗೆ ಈ ಕೆಲಸ ಬಿದ್ದಾಗ ಅದು ನಡುಗುತ್ತದೆ. ನೀವು ಅದನ್ನು ಭಯದ ಲೆಕ್ಕಕ್ಕೆ ಹಾಕಿಕೊಂಡಿದ್ದೀರಿ.

ಭಯ ಮಾಡುವ ನಿಜವಾದ ಹಾನಿ ಬೇರೆ. ಹೆದರಿದಾಗ ಮೈ ತಾನಾಗೇ ಹಿಂದಕ್ಕೆ, ಬಂಡೆಯ ಕಡೆಗೆ ವಾಲುತ್ತದೆ. ಜಾರುವುದು ಆಗಲೇ. ಶೂಗೆ ಹಿಡಿತ ಸಿಗಬೇಕಾದರೆ ಮೈಭಾರ ಪಾದದ ಮೇಲೆ ನೇರವಾಗಿ ಕೂರಬೇಕು. ಹಿಂದಕ್ಕೆ ವಾಲಿದರೆ ಹಿಮ್ಮಡಿಯ ಅಂಚು ಮಾತ್ರ ಕಲ್ಲಿಗೆ ತಾಗುತ್ತದೆ, ಭಾರವೆಲ್ಲ ಪಾದವನ್ನು ಮುಂದಕ್ಕೆ ದೂಡುತ್ತದೆ. ಕೂತು ಜಾರುವುದೂ ಇದೇ ಕಥೆ. ಒಂದೆರಡು ಅಡಿಯ ಮೆಟ್ಟಿಲಿನಂಥ ಕಲ್ಲಾದರೆ ಕೂತು ಇಳಿಯಿರಿ, ತಪ್ಪಿಲ್ಲ. ಉದ್ದ ಬಂಡೆಯ ಮೇಲೆ ಕೂತರೆ ಪಾದದ ಮೇಲೆ ಭಾರವೇ ಇರುವುದಿಲ್ಲ. ಒಮ್ಮೆ ವೇಗ ಬಂತೆಂದರೆ ನಿಲ್ಲಿಸುವುದು ಕಷ್ಟ.

ಬೆಟ್ಟದ ಬುಡದ ಊರು ಭೈರಾಪುರದ ಕಡೆಯವರು ಯಾರಾದರೂ ಆ ಬಂಡೆ ಇಳಿಯುವಾಗ ಅವರ ಮಂಡಿ ನೋಡಿ. ಯಾವಾಗಲೂ ಸ್ವಲ್ಪ ಬಾಗಿರುತ್ತದೆ. ಹೆಜ್ಜೆ ಗೇಣುದ್ದ ಇದ್ದರೆ ಹೆಚ್ಚು. ಇಡೀ ಅಂಗಾಲು ಕಲ್ಲಿಗೆ ಕೂರುತ್ತದೆ, ತಲೆ ಪಾದಕ್ಕಿಂತ ಒಂದಿಷ್ಟು ಮುಂದೆಯೇ ಇರುತ್ತದೆ. ನೇರ ಇಳಿಯದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಬರುತ್ತಾರೆ. ಕಾಲಲ್ಲಿ ಸವೆದ ಚಪ್ಪಲಿ ಇದ್ದರೂ ಆತುರವಿಲ್ಲ. ನಾನು ಇಳಿಯುವುದನ್ನು ಕಲಿತದ್ದು ಇಂಥವರ ಹಿಂದೆ ನಡೆದೇ.

ಇಳಿಜಾರು ಕಡಿಮೆ ಇರುವ ಕಡೆ ಮುಖ ಹೊರಗೆ ಮಾಡಿಯೇ ಇಳಿಯಬಹುದು. ಕಡಿದಾಗುತ್ತಾ ಹೋದಂತೆ ಮೈಯನ್ನು ಅಡ್ಡಕ್ಕೆ ತಿರುಗಿಸಿ, ಒಂದು ಕೈ ಬಂಡೆಗೆ ಕೊಡಿ. ಇನ್ನೂ ಕಡಿದಾದರೆ ನಾಚಿಕೆ ಬಿಟ್ಟು ಬಂಡೆಗೆ ಮುಖ ಮಾಡಿ, ಏಣಿ ಇಳಿಯುವ ಹಾಗೆ ಇಳಿಯಿರಿ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಕಲ್ಲಿಗೆ ಅಂಟಿರಬೇಕು. ಒಂದು ಮಾತ್ರ ಅಲ್ಲಾಡಬೇಕು. ಕೈಯಲ್ಲಿ ಮೊಬೈಲು, ನೀರಿನ ಬಾಟಲಿ ಇದ್ದರೆ ಇದು ಆಗುವುದಿಲ್ಲ, ಎಲ್ಲ ಬ್ಯಾಗಿಗೆ ಹಾಕಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಇಳಿಯುವ ನಿರ್ಧಾರ ಆಗಬೇಕಾದ್ದು ಬಂಡೆಯ ಬುಡದಲ್ಲಿ. ನಾಲ್ಕು ಹೆಜ್ಜೆ ಹತ್ತಿ, ಅಲ್ಲಿಂದಲೇ ವಾಪಸ್ ಇಳಿದು ನೋಡಿ. ಆರಾಮಾಗಿ ಇಳಿದಿರಾ, ಮುಂದೆ ಹೋಗಿ. ಆಗಲಿಲ್ಲವಾ, ಅಲ್ಲೇ ಕೂತು ತಂದ ಚಿತ್ರಾನ್ನ ತಿಂದು, ಕಣಿವೆ ನೋಡಿ ವಾಪಸ್ ಬನ್ನಿ. ಮೇಲೆ ಮತ್ತೊಂದು ಕಷ್ಟದ ಜಾಗ ಬಂದಾಗಲೂ ಹೀಗೇ ಮಾಡಿ. ಮುಖ್ಯವಾಗಿ, ಸ್ನೇಹಿತರು ಕೈ ಕೊಟ್ಟು ಎಳೆದು ಹತ್ತಿಸುವ ಜಾಗಕ್ಕೆ ಹೋಗಲೇಬೇಡಿ. ಇಳಿಯುವಾಗ ಮೇಲಿನಿಂದ ಕೈ ಕೊಟ್ಟರೂ ನಿಮ್ಮ ಕಾಲಿಗೆ ಜಾಗ ತೋರಿಸುವವರು ಇರುವುದಿಲ್ಲ. "ಬಾರೋ, ಏನೂ ಆಗಲ್ಲ" ಅನ್ನುವವರ ಮಾತಿಗೆ ಮರುಳಾಗಬೇಡಿ. ಅಂಥ ಜಾಗದಲ್ಲಿ ಕಾಲು ಉಳುಕಿದರೂ ಹೊತ್ತು ತರಲು ಜನ ಸೇರುವಷ್ಟರಲ್ಲಿ ಕತ್ತಲಾಗಬಹುದು.

ಮಳೆಗಾಲದಲ್ಲಿ ಎತ್ತಿನ ಭುಜದ ತುದಿ ಬಂಡೆಯನ್ನು ಹತ್ತಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕಲ್ಲಿನ ಮೇಲೆ ನೀರು ಹರಿದು ಕಪ್ಪಗಾದ ಪಟ್ಟೆಗಳಲ್ಲಿ ಪಾಚಿ ಇರುತ್ತದೆ, ಎಂಥ ಶೂ ಹಾಕಿದರೂ ನಿಲ್ಲುವುದಿಲ್ಲ. ಮಂಜು ಕವಿದರೆ ದಾರಿಯೂ ತಪ್ಪುತ್ತದೆ. ಬೇಸಿಗೆಯಲ್ಲಿ ಕಲ್ಲಿನ ಮೇಲಿನ ಸಣ್ಣ ಹರಳು ಕಾಲಡಿ ಉರುಳುತ್ತವೆ. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಗುಡುಗು ಕೇಳಿಸಿದರೆ ತುದಿ ಇನ್ನು ಹತ್ತೇ ಹೆಜ್ಜೆ ಇದ್ದರೂ ಇಳಿಯಲು ಶುರು ಮಾಡಿ.

ನೀವು ಹೇಳಿದ ಎರಡರಲ್ಲಿ ಕುದುರೆಮುಖಕ್ಕೆ ಮೊದಲು ಹೋಗಿ. ಶಿಖರ ಸುಮಾರು 1,890 ಮೀಟರ್ ಎತ್ತರದಲ್ಲಿದ್ದರೂ ದಾರಿಯಲ್ಲಿ ಕೈಯೂರಿ ಹತ್ತುವ ಬಂಡೆ ಕಡಿಮೆ. ಹೆಚ್ಚಿನದು ಹುಲ್ಲುಗುಡ್ಡ, ಶೋಲಾ ಕಾಡು, ಹಳ್ಳ. ಕಷ್ಟ ಇರುವುದು ದೂರದಲ್ಲಿ. ಕಳಸದ ಕಡೆಯ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್. ರಾಷ್ಟ್ರೀಯ ಉದ್ಯಾನದ ಒಳಗಿನ ದಾರಿಯಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಆನ್‌ಲೈನಲ್ಲಿ ಮೊದಲೇ ತೆಗೆದುಕೊಳ್ಳಿ. ಕುಮಾರ ಪರ್ವತ 1,712 ಮೀಟರ್, ಎತ್ತರ ಕಡಿಮೆ. ಆದರೆ ಸೋಮವಾರಪೇಟೆ ಕಡೆಯಿಂದ ಹತ್ತಿದರೆ ತುದಿಯ ಹತ್ತಿರ ನುಣುಪು ಬಂಡೆ ಎದುರಾಗುತ್ತದೆ. ಅದನ್ನು ಹತ್ತಿ ಕುಕ್ಕೆ ಕಡೆ ಇಳಿದರೆ ಬಂಡೆ ಇಳಿಯುವುದು ತಪ್ಪುತ್ತದೆ, ನಿಜ. ಬದಲಿಗೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಇಳಿತ ಮಂಡಿಯ ಮೇಲೆ ಬೀಳುತ್ತದೆ.

ಅದಕ್ಕೆ ತಯಾರಿ ನಿಮ್ಮ ಜಿಲ್ಲೆಯಲ್ಲೇ ಆಗುತ್ತದೆ. ಶ್ರವಣಬೆಳಗೊಳದ ದೊಡ್ಡಬೆಟ್ಟಕ್ಕೆ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲಿವೆ, ಅದೂ ಬರಿಗಾಲಲ್ಲಿ. ಕಲ್ಲು ಕಾಯುವ ಮೊದಲು, ಬೆಳಿಗ್ಗೆ ಹೋಗಿ. ಹತ್ತುವುದು ಹೇಗಾದರೂ ಇರಲಿ, ಇಳಿಯುವಾಗ ಮಂಡಿ ಬಾಗಿಸಿ, ಸದ್ದಾಗದಂತೆ, ನಿಧಾನವಾಗಿ ಪಾದ ಇಡಿ. ಮೊದಲ ಸಲ ತೊಡೆ ಚೆನ್ನಾಗಿ ನೋಯುತ್ತದೆ. ಇಳಿತದ ಪೆಟ್ಟು ಒಮ್ಮೆ ತಿಂದ ಸ್ನಾಯು ಕೆಲವು ವಾರಗಳ ತನಕ ಅದೇ ಪೆಟ್ಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಹಾಗಾಗಿ ಕುದುರೆಮುಖಕ್ಕೆ ದಿನ ಗೊತ್ತು ಮಾಡಿ, ಅದಕ್ಕೆ ಎರಡು ವಾರ ಮುಂಚಿನ ಭಾನುವಾರವನ್ನು ದೊಡ್ಡಬೆಟ್ಟಕ್ಕೆ ಇಟ್ಟುಕೊಳ್ಳಿ. ನೋವು ಪೂರ್ತಿ ಹೋದ ಮೇಲೆ ಹೊರಡಿ.