ಮೂರು ನಾಟ್ ಗಾಳಿಗೆ ದೊಡ್ಡ ಜೆನೋವಾ ಯಾಕೆ ಎದ್ದು ನಿಲ್ಲುವುದಿಲ್ಲ

"ನಮ್ಮಲ್ಲಿ ಗಾಳಿ ಕಡಿಮೆ ಸಾರ್, ಅದಕ್ಕೇ ದೊಡ್ಡ ಹಾಯಿ ಬೇಕು." ರೇಸ್ ದಿನಗಳು ಹತ್ತಿರ ಬಂದ ಹಾಗೆ ಹಾಯಿ ಹೊಲಿಯುವ ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಇದೇ ಮಾತು. ಕೇಳುವವರು ಕ್ರೂಸಿಂಗ್ ದೋಣಿ ಇಟ್ಟುಕೊಂಡವರು. ಮನೆಮಂದಿ ಜೊತೆ ಸುತ್ತಾಡುವ ದೋಣಿಯನ್ನೇ ವಾರದ ಕೊನೆಗೆ ರೇಸಿಗೂ ಇಳಿಸುವವರು. ಹಾಯಿ ಸುತ್ತಿಡುವ ಫರ್ಲರ್ ಮೇಲೆ 140 ಪ್ರತಿಶತದ ಜೆನೋವಾ, ಅಂದರೆ ಕಂಬವನ್ನೂ ದಾಟಿ ಹಿಂದಕ್ಕೆ ಚಾಚುವ ಮುಂದಿನ ಹಾಯಿ, ಇರುತ್ತದೆ (ಕಂಬದಿಂದ ಮುಂದಿನ ತಂತಿಯ ತನಕದ ಅಂತರ ನೂರು ಅಂತ ಲೆಕ್ಕ). ಅದನ್ನು 155 ಮಾಡಿಕೊಡಿ ಅಂತಾರೆ. ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಕಡಿಮೆ ಅಂದರೆ ಎಷ್ಟು ನಾಟ್? (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್.) ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.

ಯಾಕೆ ಕೇಳುತ್ತೇನೆ ಅಂದರೆ, ಮೂರು ನಾಟ್ ಕೂಡ ಕಡಿಮೆ ಗಾಳಿ, ಎಂಟು ನಾಟ್ ಕೂಡ ಕಡಿಮೆ ಗಾಳಿ. ನಮ್ಮ ಬಾಯಲ್ಲಿ ಎರಡೂ ಒಂದೇ, ಹಾಯಿಗೆ ಮಾತ್ರ ಒಂದೇ ಅಲ್ಲ. ಎಂಟು ನಾಟ್‌ಗೆ ಸರಿಯಾದ ಉತ್ತರ ಮೂರು ನಾಟ್‌ಗೆ ಪೂರ್ತಿ ತಪ್ಪಾಗಬಹುದು.

ಇದನ್ನು ಎಷ್ಟು ಸಲ ಹೇಳಿದರೂ ಜನಕ್ಕೆ ನಾಟುವುದಿಲ್ಲ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಇದು ನಿಮಗೆ ಗೊತ್ತೇ ಇದೆ. ಮೂರು ನಾಟ್ ಗಾಳಿ ಒಂದು ಚದರ ಮೀಟರ್ ಮೇಲೆ ಹಾಕುವ ಒತ್ತಡ ಹೆಚ್ಚುಕಮ್ಮಿ 150 ಗ್ರಾಂ ತೂಕದಷ್ಟು. ಆರು ನಾಟ್‌ಗೆ ಅದು 600 ಗ್ರಾಂ. ಹತ್ತು ನಾಟ್‌ಗೆ ಒಂದೂವರೆ ಕಿಲೋ ದಾಟುತ್ತದೆ. ಈಗ ನಿಮ್ಮ ಹಾಯಿಯ ಬಟ್ಟೆ ನೋಡಿ. ಫರ್ಲರ್‌ಗೆ ಹಾಕುವ ಗಟ್ಟಿ ಪಾಲಿಯೆಸ್ಟರ್ ಬಟ್ಟೆ, ಡೇಕ್ರಾನ್, ಸಾಮಾನ್ಯವಾಗಿ ಏಳು ಔನ್ಸ್‌ನದು. ಹಾಯಿ ಹೊಲಿಯುವವರ ಔನ್ಸ್ ಲೆಕ್ಕ ಬೇರೆ, ಅದರಲ್ಲಿ ಏಳು ಅಂದರೆ ಚದರ ಮೀಟರಿಗೆ ಸುಮಾರು 300 ಗ್ರಾಂ.

ಅಂದರೆ ಮೂರು ನಾಟ್ ಗಾಳಿಯಲ್ಲಿ ಬಟ್ಟೆಯ ತೂಕವೇ ಗಾಳಿಯ ಒತ್ತಡದ ಎರಡರಷ್ಟು! ಗಾಳಿಗೆ ಆ ಬಟ್ಟೆಯನ್ನು ಎತ್ತಿ ಹಿಡಿಯುವುದೇ ಕಷ್ಟ. ಉಬ್ಬಿಸಿ ದೋಣಿಯನ್ನು ಎಳೆಯುವುದು ಆಮೇಲಿನ ಮಾತು. ಇನ್ನೂ ಎರಡು ಮೀಟರ್ ಬಟ್ಟೆ ಸೇರಿಸಿದರೆ ಅದೂ ಜೋಲು ಬೀಳುತ್ತದೆ, ಅಷ್ಟೇ. ಇದು ಒರಟು ಲೆಕ್ಕ, ಒಪ್ಪಿಕೊಳ್ಳುತ್ತೇನೆ. ದೋಣಿ ಓಡತೊಡಗಿದರೆ ಹಾಯಿಗೆ ಸಿಗುವ ಗಾಳಿ ಜಾಸ್ತಿಯಾಗುತ್ತದೆ. ಐದು ನಾಟ್ ಗಾಳಿಗೆ 45 ಡಿಗ್ರಿಯಲ್ಲಿ ಮೂರು ನಾಟ್ ವೇಗದಲ್ಲಿ ಹೋಗುತ್ತಿದ್ದರೆ ಡೆಕ್ ಮೇಲೆ ಏಳು ನಾಟ್‌ಗೂ ಮೇಲೆ ಗಾಳಿ ಇರುತ್ತದೆ. ಆದರೆ ಅದಕ್ಕೆ ದೋಣಿ ಮೊದಲು ಓಡಬೇಕು ಅಲ್ವಾ? ನಿಂತಿರುವ ದೋಣಿಯನ್ನು ಹೊರಡಿಸಲು ಆ ಕ್ಷಣಕ್ಕೆ ಆಕಾರ ಹಿಡಿಯುವ ಹಾಯಿ ಬೇಕು.

ಬಿಸಿಲು ಪಟ್ಟಿಯ ವಿಷಯಕ್ಕೂ ಬರುತ್ತೇನೆ. ಸುತ್ತಿಟ್ಟ ಹಾಯಿಗೆ ಬಿಸಿಲು ತಾಗಬಾರದು ಅಂತ ಲೀಚ್‌ಗೂ (ಹಾಯಿಯ ಹಿಂದಿನ ಅಂಚು) ಕೆಳಂಚಿಗೂ ಅಕ್ರಿಲಿಕ್ ಬಟ್ಟೆಯ ಪಟ್ಟಿ ಹೊಲಿಯುತ್ತೇವೆ. ಕ್ರೂಸಿಂಗ್‌ಗೆ ಅದು ಬೇಕೇ ಬೇಕು, ನಾನೇ ನೂರಾರು ಹೊಲಿದಿದ್ದೇನೆ. 13 ಮೀಟರ್ ಲಫ್, ಅಂದರೆ ಮುಂದಿನ ಅಂಚು, ಇರುವ 150 ಪ್ರತಿಶತದ ಜೆನೋವಾಗೆ ಆ ಪಟ್ಟಿಯ ತೂಕವೇ ಎರಡು ಕಿಲೋ ದಾಟುತ್ತದೆ. ಅದೂ ಎಲ್ಲಿ? ಹಾಯಿ ಎಲ್ಲಿ ಹಗುರವಾಗಿರಬೇಕೋ ಅಲ್ಲೇ. ಗಾಳಿ ಸತ್ತಾಗ ಲೀಚ್ ಒಳಕ್ಕೆ ಮುದುಡಿಕೊಳ್ಳುವುದು ಇದರಿಂದ. ಹಾಯಿ ಹಳತಾಯಿತು ಅಂತ ನನ್ನ ಹತ್ತಿರ ತರುತ್ತಾರೆ. ಬಿಚ್ಚಿ ಹಾಸಿ ನೋಡಿದರೆ ಬಟ್ಟೆ ಚೆನ್ನಾಗಿಯೇ ಇರುತ್ತದೆ.

ಒಂದು ಸಲ 34 ಅಡಿಯ ದೋಣಿಯಲ್ಲಿ ಗಂಡ ಹೆಂಡತಿ ಇಬ್ಬರ ಜೊತೆ ನಾನೂ ಹೋಗಿದ್ದೆ. ಅವರಿಗೂ ದೊಡ್ಡ ಹಾಯಿ ಬೇಕಿತ್ತು, ನಾನು ಮೊದಲು ನೋಡೋಣ ಅಂದಿದ್ದೆ. ಗಾಳಿ ಮೂರು ನಾಟ್, ಕೆಲವೊಮ್ಮೆ ಅದೂ ಇಲ್ಲ. ಹಿಂದಿನ ದಿನದ ಅಲೆ ಇನ್ನೂ ಉಳಿದಿತ್ತು. ಪ್ರತಿ ಅಲೆಗೂ ದೋಣಿ ಕುಲುಕುತ್ತಿತ್ತು, ಪ್ರತಿ ಕುಲುಕಿಗೂ ಜೆನೋವಾ ಹೋಗಿ ಕಂಬವನ್ನು ಬದಿಯಿಂದ ಹಿಡಿದಿಡುವ ಶ್ರೌಡ್ ತಂತಿಗಳಿಗೆ ಬಡಿಯುತ್ತಿತ್ತು. ಉಬ್ಬಿದ್ದಷ್ಟು ಗಾಳಿ ಆ ಬಡಿತಕ್ಕೆ ಖಾಲಿ. ಆತ ಶೀಟ್ (ಹಾಯಿಯನ್ನು ಬಿಗಿ ಮಾಡುವ ಹಗ್ಗ) ಎಳೆಯುತ್ತಲೇ ಇದ್ದ, ಎಳೆದಷ್ಟೂ ದೋಣಿ ನಿಧಾನ.

ನಾನು ಮುಂದೆ ಹೋಗಿ ಕ್ಲ್ಯೂ, ಅಂದರೆ ಶೀಟ್ ಕಟ್ಟುವ ಹಿಂದಿನ ಕೆಳಮೂಲೆ, ನೋಡಿದೆ. 14 ಮಿಲಿಮೀಟರಿನ ಎರಡು ಶೀಟ್, ಎರಡು ದಪ್ಪ ಬೋಲೈನ್ ಗಂಟು, ಎರಡೂ ಒದ್ದೆ. ಅಂಥ ಹಗ್ಗ ಒಣಗಿದ್ದಾಗಲೇ ಮೀಟರಿಗೆ ನೂರು ಗ್ರಾಂ ದಾಟುತ್ತದೆ. ಎರಡನ್ನೂ ಬಿಚ್ಚಿ, ಆರು ಮಿಲಿಮೀಟರಿನ ಒಂದೇ ಒಂದು ಡೈನೀಮಾ ಹಗ್ಗ ಕಟ್ಟಿದೆ. ಅದರ ತೂಕ ಆ ಹಳೆಯದರ ಕಾಲು ಭಾಗವೂ ಇಲ್ಲ. ಕ್ಲ್ಯೂ ಒಂದು ಗೇಣು ಮೇಲೆದ್ದಿತು. ಅಷ್ಟು ಹೊತ್ತು ಲೀಚ್‌ಗೆ ಅಂಟಿಕೊಂಡೇ ಇದ್ದ ಮೇಲಿನ ಟೆಲ್‌ಟೇಲ್ (ಗಾಳಿ ಹರಿಯುವುದನ್ನು ತೋರಿಸುವ ಎಳೆ) ಒಮ್ಮೆ ಅಲುಗಾಡಿ ಹಿಂದಕ್ಕೆ ಹಾರತೊಡಗಿತು. "ಇಷ್ಟೇನಾ?" ಅಂದರು ಆಕೆ. ಇಷ್ಟೇ ಅಲ್ಲ, ಆದರೆ ಶುರು ಮಾಡಬೇಕಾದ್ದು ಇಲ್ಲಿಂದ.

ಆಮೇಲೆ ಲಾಕರ್‌ನಿಂದ ಅವರ ಹಳೆಯ 110 ಪ್ರತಿಶತದ ಜಿಬ್, ಅಂದರೆ ಚಿಕ್ಕ ಮುಂದಿನ ಹಾಯಿ, ತೆಗೆಸಿದೆ. ಹಿಂದಿನ ಮಾಲೀಕರ ಕಾಲದ್ದು, ತೆಳು ಬಟ್ಟೆ, ಪಟ್ಟಿಯಿಲ್ಲ. ಇಡೀ ಹಾಯಿ ಐದು ಕಿಲೋ ಇರಬಹುದು. ಜೆನೋವಾ ಪಟ್ಟಿ ಸೇರಿ ಹದಿನಾಲ್ಕರ ಹತ್ತಿರ. ಜಿಬ್ ಏರಿಸಿದ ಮೇಲೆ ಶ್ರೌಡ್‌ಗೆ ಬಡಿತ ಇಲ್ಲ. ದೋಣಿ ಒಂದು ನಾಟ್ ಹಿಡಿಯಿತು, ನಿಧಾನಕ್ಕೆ ಒಂದೂವರೆಗೆ ಹೋಯಿತು. ಎಲ್ಲ ದೋಣಿಯಲ್ಲೂ ಹೀಗೇ ಆಗುತ್ತದೆ ಅಂತ ಮಾತು ಕೊಡಲಾರೆ. ಅಲೆ ಇಲ್ಲದೆ ನೀರು ಗಾಜಿನ ಹಾಗಿದ್ದರೆ ಹಗುರ ಬಟ್ಟೆಯ ದೊಡ್ಡ ಹಾಯಿ ಗೆದ್ದರೂ ಗೆಲ್ಲಬಹುದು. ಆದರೆ ಅಲೆ ಇದ್ದು ಗಾಳಿ ಇಲ್ಲದಾಗ ಚಿಕ್ಕದು ಮತ್ತು ಹಗುರ ಇರುವುದು ಮುಂದೆ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಇದು ನನ್ನ ಹೊಸ ಶೋಧ ಏನಲ್ಲ. ಸ್ವೀಡನ್ನಿನ ಸ್ವೆನ್ ಸಲೇನ್ 1926ರಲ್ಲಿ ಇಟಲಿಯ ಜೆನೋವಾ ನಗರದ ರೇಸಿನಲ್ಲಿ ಕಂಬವನ್ನೂ ದಾಟಿ ಹಿಂದಕ್ಕೆ ಚಾಚುವ ಹಾಯಿ ಹಾಕಿದ, ಅಲ್ಲಿಂದ ಅದಕ್ಕೆ ಆ ಹೆಸರು ಬಂತು. ಆಮೇಲೆ ಎಲ್ಲರಿಗೂ ದೊಡ್ಡ ಹಾಯಿಯ ಹುಚ್ಚು ಹಿಡಿಯಿತು. ಆದರೆ ಆ ದೊಡ್ಡ ಜೆನೋವಾಗಳ ಕಾಲದಲ್ಲೇ ರೇಸ್ ದೋಣಿಗಳು ಲಾಕರ್‌ನಲ್ಲಿ ವಿಂಡ್‌ಸೀಕರ್ ಅನ್ನುವ ಹಾಯಿಯನ್ನೂ ಇಟ್ಟುಕೊಳ್ಳುತ್ತಿದ್ದವು. ಗಾಳಿಯೇ ಇಲ್ಲದ ಹೊತ್ತಿಗೆ ಅಂತಲೇ ಹೊಲಿದದ್ದು. ಅದು ಜೆನೋವಾಗಿಂತ ಚಿಕ್ಕದು! ತೀರಾ ತೆಳು ಬಟ್ಟೆ, ಮೇಲಕ್ಕೆ ಕತ್ತರಿಸಿದ ಕ್ಲ್ಯೂ. ಗೆಲ್ಲಲೇಬೇಕು ಅಂತ ಬಂದವರೇ ಗಾಳಿ ಸತ್ತಾಗ ಚಿಕ್ಕ ಹಾಯಿ ಹಾಕುತ್ತಿದ್ದರು.

ಹಾಗಾದರೆ ದೊಡ್ಡದು ಬೇಡವೇ ಬೇಡವಾ? ಬೇಕು. ಐದಾರು ನಾಟ್‌ನಿಂದ ಹತ್ತರ ತನಕ ಅದರದ್ದೇ ಆಟ. ಭಾರದ ಕ್ರೂಸಿಂಗ್ ದೋಣಿಗೆ ಆ ಗಾಳಿಯಲ್ಲಿ ಬೇಕಾಗುವುದು ಬಲ. ಬಲ ಬರುವುದು ವಿಸ್ತೀರ್ಣದಿಂದ, ಉಬ್ಬಿನಿಂದ. ಕಂಬದ ಹಿಂದಿನ ತಂತಿ ಬ್ಯಾಕ್‌ಸ್ಟೇ ಸಡಿಲಿಸಿ, ಮುಂದಿನ ತಂತಿ ಫೋರ್‌ಸ್ಟೇ ಸ್ವಲ್ಪ ಜೋಲಲಿ, ಹಾಯಿ ತುಂಬಿಕೊಳ್ಳಲಿ. ಲಫ್‌ನಲ್ಲಿ ಸಣ್ಣ ಅಡ್ಡ ಸುಕ್ಕು ಕಂಡರೆ ಹೆದರಬೇಡಿ, ಹಾಯಿ ಏರಿಸುವ ಹಗ್ಗ, ಹ್ಯಾಲ್ಯರ್ಡ್, ಅಷ್ಟೇ ಇರಲಿ. ಆದರೆ ನಾಲ್ಕು ನಾಟ್‌ಗಿಂತ ಕೆಳಗೆ ಇಳಿದಾಗ ಇದೆಲ್ಲ ತಿರುಗುಮುರುಗು. ಅಷ್ಟು ನಿಧಾನದ ಗಾಳಿ ಆಳವಾದ ಉಬ್ಬಿನ ಮೈಗೆ ಅಂಟಿಕೊಂಡು ಹರಿಯುವುದಿಲ್ಲ, ನಡುವೆಯೇ ಬಿಟ್ಟುಹೋಗುತ್ತದೆ. ಆಗ ಹಾಯಿ ಚಪ್ಪಟೆ ಇರಬೇಕು, ಮೇಲ್ಭಾಗ ಬಿಚ್ಚಿಕೊಂಡಿರಬೇಕು. ಶೀಟ್ ಸಡಿಲ ಬಿಡಿ, ಶೀಟ್ ಹಾದುಹೋಗುವ ಕಾರ್ (ಡೆಕ್ ಮೇಲೆ ಜಾರುವ ರಾಟೆ) ಹಿಂದಕ್ಕೆ ಸರಿಸಿ. ದೋಣಿಯಲ್ಲಿರುವವರೆಲ್ಲ ಗಾಳಿ ಹೋಗುವ ಬದಿಗೆ ಕೂತು ಐದಾರು ಡಿಗ್ರಿ ವಾಲಿಸಿ. ಹಾಯಿ ತನ್ನ ತೂಕಕ್ಕೇ ಆಕಾರಕ್ಕೆ ಬಂದು ನಿಲ್ಲುತ್ತದೆ, ಆಗ ಗಾಳಿಗೆ ಎತ್ತುವ ಕೆಲಸ ತಪ್ಪುತ್ತದೆ. ದಯವಿಟ್ಟು ಯಾರೂ ಎದ್ದು ಓಡಾಡಬೇಡಿ.

ಟ್ಯಾಕ್ ಮಾಡುವಾಗಿನ, ಅಂದರೆ ದೋಣಿಯ ಮೂತಿ ಎದುರು ಗಾಳಿಯನ್ನು ಹಾದು ಬದಿ ಬದಲಿಸುವಾಗಿನ, ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೊಡ್ಡ ಜೆನೋವಾವನ್ನು ಕಂಬ, ಶ್ರೌಡ್ ಸುತ್ತಿಸಿ ಆ ಬದಿಗೆ ತರುವಷ್ಟರಲ್ಲಿ ದೋಣಿ ನಿಂತೇಬಿಟ್ಟಿರುತ್ತದೆ. ಇಬ್ಬರೇ ಇರುವ ದೋಣಿಯಲ್ಲಂತೂ ಕೇಳುವುದೇ ಬೇಡ. ಮತ್ತೆ ವೇಗ ಹಿಡಿಯಲು ನಿಮಿಷಗಟ್ಟಲೆ ಬೇಕು.

ರೇಟಿಂಗ್, ಅಂದರೆ ಬೇರೆ ಬೇರೆ ದೋಣಿಗಳನ್ನು ಸಮ ಮಾಡಲು ರೇಸಿನ ಸಮಯ ತಿದ್ದುವ ಲೆಕ್ಕ, ಅದರ ಬಗ್ಗೆ ಹುಷಾರಾಗಿ ಹೇಳುತ್ತೇನೆ, ಯಾಕಂದರೆ ನಿಯಮ ಪದ್ಧತಿಯಿಂದ ಪದ್ಧತಿಗೆ ಬೇರೆ, ಕೆಲವು ಸಲ ಕ್ಲಬ್ಬಿನಿಂದ ಕ್ಲಬ್ಬಿಗೂ ಬೇರೆ. ಪಿಎಚ್‌ಆರ್‌ಎಫ್ ಅನ್ನುವ ಪದ್ಧತಿಯಲ್ಲಿ ಹಲವು ಕಡೆ 155 ಪ್ರತಿಶತದ ತನಕ ಸಾಮಾನ್ಯ, ದಾಟಿದರೆ ದಂಡ. ಐಆರ್‌ಸಿ ಅನ್ನುವ ಇನ್ನೊಂದರಲ್ಲಿ ನಿಮ್ಮ ಅತಿ ದೊಡ್ಡ ಮುಂದಿನ ಹಾಯಿಯ ವಿಸ್ತೀರ್ಣ ರೇಟಿಂಗ್ ಲೆಕ್ಕಕ್ಕೆ ಬರುತ್ತದೆ. ಅಂದರೆ ವರ್ಷಕ್ಕೆ ನಾಲ್ಕು ದಿನ ಕೆಲಸಕ್ಕೆ ಬರುವ ಹಾಯಿಗೆ ಉಳಿದ ಎಲ್ಲ ರೇಸಿನಲ್ಲೂ ಸೆಕೆಂಡು ಕಟ್ಟುತ್ತಾ ಇರುತ್ತೀರಿ. ಕೋಡ್ ಝೀರೋ ಅನ್ನುವ ಹಗುರ ಬಟ್ಟೆಯ ದೊಡ್ಡ ಮುಂದಿನ ಹಾಯಿ ಕೇಳುವವರಿಗೂ ಇದೇ ಮಾತು. ಹಲವು ಪದ್ಧತಿಗಳಲ್ಲಿ ನಡುವಿನ ಅಗಲ ಕೆಳಂಚಿನ 75 ಪ್ರತಿಶತ ಮುಟ್ಟಿದರೆ ಮಾತ್ರ ಅದನ್ನು ಸ್ಪಿನೇಕರ್ (ಹಿಂದಿನ ಗಾಳಿಗೆ ಹಾಕುವ ಉಬ್ಬು ಹಾಯಿ) ಅಂತ ಅಳೆಯುತ್ತಾರೆ. ಅಷ್ಟು ಅಗಲ ಮಾಡಿದ ಹಾಯಿ ಗಾಳಿಗೆ ಹತ್ತಿರ ಹೋಗುವಾಗ ಲೀಚ್ ಪಟಪಟ ಅನ್ನುತ್ತದೆ. ಬದಿಯ ಗಾಳಿಗೆ ಅದು ಬಹಳ ಒಳ್ಳೆಯದು, ಎದುರು ಗಾಳಿಗೆ ನಿಮ್ಮ ಜೆನೋವಾದ ಬದಲಿ ಅಂತ ಮಾತ್ರ ತರಬೇಡಿ.

ನನ್ನನ್ನು ಕೇಳಿದರೆ, ಫರ್ಲರ್‌ನ ಗಟ್ಟಿ ಜೆನೋವಾ ಕ್ರೂಸಿಂಗ್‌ಗೆ ಇರಲಿ. ರೇಸಿಗೆ ಅಂತ ಪಟ್ಟಿಯಿಲ್ಲದ, ನಾಲ್ಕು ಔನ್ಸ್ ಆಸುಪಾಸಿನ ಒಂದು ಹಗುರ ಹಾಯಿ ಮಾಡಿಸಿ. ಗಾತ್ರ ಈಗಿರುವಷ್ಟೇ ಇರಲಿ, ಇಲ್ಲವೇ ಸ್ವಲ್ಪ ಕಡಿಮೆ ಮಾಡೋಣ. ಅದನ್ನು ಹತ್ತು ಹನ್ನೆರಡು ನಾಟ್ ಆದಮೇಲೆ ಇಳಿಸಲೇಬೇಕು, ಇಲ್ಲದಿದ್ದರೆ ಹಿಗ್ಗಿ ಹಾಳಾಗುತ್ತದೆ, ಆಗ ನನ್ನ ಮೇಲೆ ಬೇಜಾರು ಮಾಡಿಕೊಳ್ಳಬಾರದು. ಹಾಯಿಯ ಅಂಚು ತೂರಿಸುವ ಗ್ರೂವ್ ಒಂದೇ ಇರುವ ಫರ್ಲರ್‌ನಲ್ಲಿ ರೇಸ್ ನಡುವೆ ಹಾಯಿ ಬದಲಿಸಿದರೆ ಅಷ್ಟು ಹೊತ್ತು ಮುಂದೆ ಹಾಯಿಯೇ ಇರುವುದಿಲ್ಲ. ಹಾಗಾಗಿ ಯಾವುದು ಅಂತ ಸ್ಟಾರ್ಟ್‌ಗೆ ಅರ್ಧ ಗಂಟೆ ಮುಂಚೆಯೇ ತೀರ್ಮಾನ ಆಗಬೇಕು.

ಹೊಸದು ಮಾಡಿಸುವ ಮುಂಚೆ ಲಾಕರ್‌ನ ತಳ ಒಮ್ಮೆ ನೋಡಿ. ಆ ಗಂಡ ಹೆಂಡತಿ ಕೊನೆಗೆ ಹಾಯಿ ಮಾಡಿಸಲಿಲ್ಲ. ಆ ಹಳೆಯ ಜಿಬ್ಬಿನ ಲೀಚ್ ಹೊಲಿಗೆ ಬಿಟ್ಟಿತ್ತು, ಅದನ್ನು ಬಿಗಿ ಮಾಡಿಕೊಟ್ಟೆ, ಜೊತೆಗೆ ಒಂದು ತೆಳು ಶೀಟ್. ನಿಮ್ಮದರಲ್ಲೂ ಅಂಥದ್ದು ಸಿಕ್ಕರೆ ತೆಗೆದುಕೊಂಡು ಬನ್ನಿ. ಬರುವಾಗ ಈಗ ಬಳಸುವ ಶೀಟನ್ನೂ ತನ್ನಿ, ಮೊದಲು ಅದನ್ನು ತೂಗಿ ನೋಡೋಣ.